ಪತ್ತೇದಾರನ ದನಿ ಮತ್ತು ಒಂದು ಅಲ್ಯೂಮಿನಿಯಂ ಪಟ್ಟಿ

ಫೋನ್ ರಿಂಗಾಗುತ್ತದೆ. ಸೆಕ್ರೆಟರಿ ಎಫಿ ಎತ್ತಿಕೊಳ್ಳುತ್ತಾಳೆ. ಆ ಕಡೆ ಅವಳ ಬಾಸ್, ಖಾಸಗಿ ಪತ್ತೇದಾರ ಸ್ಯಾಮ್ ಸ್ಪೇಡ್. ತಗಡಿನ ಡಬ್ಬಿಯೊಳಗಿಂದ ಬಂದಂಥ ದನಿ. ಸ್ವಲ್ಪ ಹೊತ್ತಿಗೆ ಆಫೀಸಿಗೆ ಬಂದು ಅವಳಿಂದ ಕೇಸಿನ ವರದಿ ಬರೆಸಲು ಶುರು ಮಾಡುತ್ತಾನೆ. ತಾರೀಖು, ಯಾರಿಗೆ, ಯಾರಿಂದ, ತನ್ನ ಲೈಸೆನ್ಸ್ ನಂಬರ್ 137596. ಈಗ ದನಿ ತುಂಬಿಕೊಂಡಿದೆ, ಕಿವಿಗೆ ಹತ್ತಿರ ಬಂದಿದೆ. ನಾಲ್ಕು ಸಾಲು ಮುಂದೆ ಹೋಗುವಷ್ಟರಲ್ಲಿ ನಾವು ಆ ಕೇಸಿನೊಳಗೇ ಇದ್ದೇವೆ. ಅದೇ ದನಿ ಈಗ ಯಾವುದೋ ಕೋಣೆಯಲ್ಲಿ, ನಮ್ಮಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಇನ್ಯಾರ ಜೊತೆಗೋ ಜಗಳಕ್ಕೆ ನಿಂತಿದೆ.

ಮೂರೂ ಒಬ್ಬನೇ ನಟನ ದನಿ. ಹೊವರ್ಡ್ ಡಫ್. ಅಮೆರಿಕದಲ್ಲಿ 1946ರ ಜುಲೈಯಲ್ಲಿ ಶುರುವಾದ ಈ ರೇಡಿಯೋ ಸರಣಿಯ ಹಳೇ ರೆಕಾರ್ಡಿಂಗ್‌ಗಳನ್ನು ಕೇಳಿದವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: "ಆಗಿನವರ ಕಂಠವೇ ಕಂಠ, ಈಗಿನವರಿಗೆ ಎಲ್ಲಿ ಬರಬೇಕು!" ಕಂಠ ದೇವರು ಕೊಟ್ಟ ವರ ಎಂದೂ ಸೇರಿಸುತ್ತಾರೆ. ಈ ಮಾತು ಕೇಳಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಡಫ್ ಒಳ್ಳೆಯ ನಟ, ನಿಜ. ಆದರೆ ಆ ದನಿಯನ್ನು ನಮ್ಮ ಕಿವಿಯ ಪಕ್ಕಕ್ಕೆ ತಂದು ಕೂರಿಸಿದ್ದರಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿಯ ಪಾಲು ತುಂಬಾ ದೊಡ್ಡದು.

ರೇಡಿಯೋದ ಮೊದಲ ದಿನಗಳಲ್ಲಿ ಜಾಸ್ತಿ ಬಳಕೆಯಲ್ಲಿದ್ದದ್ದು ಕಾರ್ಬನ್ ಮೈಕು. ಇದ್ದಿಲಿನ ಸಣ್ಣ ಹರಳುಗಳನ್ನು ತುಂಬಿದ ಮೈಕು ಅದು. ಮಾತಿನ ಹಿಂದೆ ಸದಾ ಸುಸ್ ಎನ್ನುವ ಸದ್ದು. ಪಿಸುಮಾತು ಆಡಿದರೆ ಆ ಸುಸ್‌ನಲ್ಲೇ ಮುಳುಗಿಹೋಗುತ್ತಿತ್ತು. ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ 1930ರ ದಶಕದ ಆರಂಭದಲ್ಲಿ ರಿಬ್ಬನ್ ಮೈಕನ್ನು ಸ್ಟುಡಿಯೋಗೆ ಒಗ್ಗುವಂತೆ ಮಾಡಿಕೊಟ್ಟರು. ಆ ಸಾಲಿನ 44 ಎಂಬ ಮಾದರಿಯನ್ನು ನೀವು ಹಳೇ ಫೋಟೋಗಳಲ್ಲಿ ಖಂಡಿತ ನೋಡಿರುತ್ತೀರಿ. ಮೂಲೆ ಕತ್ತರಿಸಿದ ದೊಡ್ಡ ಡಬ್ಬಿಯಂಥ, ಮೈತುಂಬಾ ತೂತಿರುವ ಮೈಕು. ಇಡೀ ಮೈಕು ಕೈಯಲ್ಲಿ ಹಿಡಿದು ಮಾತಾಡುವುದು ಕಷ್ಟ ಎನ್ನುವಷ್ಟು ಭಾರ. ಅದರೊಳಗೆ ಕೆಲಸ ಮಾಡುವುದು ಮಾತ್ರ ಮಡಿಕೆ ಮಡಿಕೆಯಾದ ಒಂದು ಅಲ್ಯೂಮಿನಿಯಂ ಹಾಳೆಯ ಪಟ್ಟಿ, ಅದೇ ರಿಬ್ಬನ್. ತಲೆಕೂದಲಿನ ಇಪ್ಪತ್ತನೇ ಒಂದು ಪಾಲಿಗಿಂತಲೂ ತೆಳು. ಬಲವಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಅದು ಸಡಿಲವಾಗಿ ತೂಗುತ್ತಿರುತ್ತದೆ. ಅಲುಗಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ.

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಬೇರೆ ಎಷ್ಟೋ ಮೈಕುಗಳಲ್ಲಿ ಸದ್ದಿಗೆ ಅಲುಗುವ ಪರದೆಯ ಹಿಂಬದಿ ಮುಚ್ಚಿರುತ್ತದೆ. ರಿಬ್ಬನ್‌ಗೆ ಮುಂದೂ ತೆರೆದಿದೆ, ಹಿಂದೂ ತೆರೆದಿದೆ. ಬಾಗಿಲಿಗೆ ಹಾಕಿದ ತೆಳು ಪರದೆಯ ಹಾಗೆ. ಎರಡೂ ಬದಿಯ ಗಾಳಿ ಸಮನಾಗಿ ಒತ್ತಿದರೆ ಪರದೆ ಅಲುಗುವುದಿಲ್ಲ. ಎರಡರ ನಡುವೆ ವ್ಯತ್ಯಾಸ ಇದ್ದರೆ ಮಾತ್ರ ಅಲುಗುತ್ತದೆ. ಹಾಗಾದರೆ ಆ ವ್ಯತ್ಯಾಸ ಬರುವುದು ಎಲ್ಲಿಂದ?

ನದಿಯಲ್ಲಿ ಒಂದು ಪುಟ್ಟ ದೋಣಿ ನೆನೆಸಿಕೊಳ್ಳಿ. ಉದ್ದನೆಯ ದೊಡ್ಡ ಅಲೆ ಬಂದರೆ ದೋಣಿಯ ಎರಡೂ ತುದಿ ಹೆಚ್ಚುಕಮ್ಮಿ ಒಟ್ಟಿಗೇ ಏಳುತ್ತವೆ, ದೋಣಿ ವಾಲುವುದು ಸ್ವಲ್ಪವೇ. ಗಿಡ್ಡ ಅಲೆ ಬಂದರೆ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಮೈಕಿನ ಮುಂದಿನಿಂದ ಹಿಂದಕ್ಕೆ ಸದ್ದು ಸುತ್ತಿಬರುವ ದಾರಿ 3 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗು ದನಿಯ ಅಲೆ ಸುಮಾರು 3.4 ಮೀಟರ್ ಉದ್ದ. 3,000 ಸಲ ಕಂಪಿಸುವ ಚೂಪು ದನಿಯ ಅಲೆ ಬರೀ 11 ಸೆಂಟಿಮೀಟರ್. ಅಂದರೆ ತಗ್ಗು ದನಿಯಿಂದ ರಿಬ್ಬನ್‌ಗೆ ಸಿಗುವ ತಳ್ಳು ಕಮ್ಮಿ, ಚೂಪು ದನಿಯಿಂದ ಜಾಸ್ತಿ.

ಹೀಗೇ ಬಿಟ್ಟರೆ ಎಲ್ಲರ ದನಿಯೂ ಕೀರಲಾಗಿ ಕೇಳಬೇಕಿತ್ತು, ಅಲ್ವಾ? ಹಾಗಾಗುವುದಿಲ್ಲ. ಯಾಕೆಂದರೆ ರಿಬ್ಬನ್ ಒಂದು ಉಯ್ಯಾಲೆ. ಭಾರದ ಉಯ್ಯಾಲೆಯನ್ನು ಪಟಪಟನೆ ಹಿಂದೆ ಮುಂದೆ ತಳ್ಳಿ ನೋಡಿ, ಅಲುಗುವುದೇ ಇಲ್ಲ. ಅದೇ ಬಲದಲ್ಲಿ ನಿಧಾನವಾಗಿ ತಳ್ಳಿ, ಚೆನ್ನಾಗಿ ತೂಗುತ್ತದೆ. ರಿಬ್ಬನ್ ಕೂಡ ನಿಧಾನದ ತಳ್ಳಿಗೆ ಜಾಸ್ತಿ ಓಗೊಡುತ್ತದೆ. ದೋಣಿಯಿಂದಾದ ನಷ್ಟ ಉಯ್ಯಾಲೆಯಿಂದ ತುಂಬಿಹೋಗಿ ದನಿ ಇದ್ದ ಹಾಗೇ ಕೇಳುತ್ತದೆ. ಇದು ದೂರ ನಿಂತು ಮಾತಾಡುವವನ ಲೆಕ್ಕ.

ಈಗ ಅವನು ಮೈಕಿನ ಹತ್ತಿರ ಬರಲಿ. ಒಲೆಯ ಮುಂದೆ ಕೂತವರಿಗೆ ಇದು ಗೊತ್ತೇ ಇದೆ: ಒಂದು ಗೇಣು ಹಿಂದೆ ಸರಿದರೆ ಶಾಖ ಎಷ್ಟೋ ಇಳಿಯುತ್ತದೆ. ಬಿಸಿಲಲ್ಲಿ ಒಂದು ಮೈಲಿ ಹಿಂದೆ ಹೋದರೂ ಸೂರ್ಯನ ಶಾಖ ಅಷ್ಟೇ. ನಟ 1 ಮೀಟರ್ ದೂರದಲ್ಲಿದ್ದರೆ ರಿಬ್ಬನ್‌ನ ಹಿಂಬದಿಗೆ ತಲುಪುವ ಸದ್ದು ಮುಂಬದಿಗಿಂತ ಶೇಕಡ 3ರಷ್ಟು ಕಮ್ಮಿ. 10 ಸೆಂಟಿಮೀಟರಿಗೆ ಬಂದರೆ ಶೇಕಡ 23ರಷ್ಟು ಕಮ್ಮಿ. ಇದು ದೂರದಿಂದ ಬಂದ ವ್ಯತ್ಯಾಸ. ತಗ್ಗು ದನಿ, ಚೂಪು ದನಿ ಎಂಬ ಭೇದ ಇದಕ್ಕಿಲ್ಲ. ಆದರೆ ಉಯ್ಯಾಲೆಗೆ ಆ ಭೇದ ಇದೆಯಲ್ಲ! ಎಲ್ಲಕ್ಕೂ ಸಮನಾಗಿ ಸಿಕ್ಕ ಈ ಹೊಸ ತಳ್ಳಿನಲ್ಲಿ ತಗ್ಗು ದನಿಯ ಪಾಲಿಗೆ ಮಾತ್ರ ಅದು ಜೋರಾಗಿ ತೂಗುತ್ತದೆ. ಬೇಸ್, ಅಂದರೆ ದನಿಯ ತಗ್ಗು ಭಾಗ, ಉಬ್ಬಿ ನಿಲ್ಲುತ್ತದೆ.

ಊರಹಬ್ಬದ ಆರ್ಕೆಸ್ಟ್ರಾದಲ್ಲಿ ನಿರೂಪಕ ಮೈಕನ್ನು ತುಟಿಗೆ ತಾಗಿಸಿ ಮಾತಾಡಿದಾಗ ದನಿ ಒಮ್ಮೆಲೇ ಘನವಾಗುವುದೂ ಇದೇ ಕಾರಣಕ್ಕೆ. ವೇದಿಕೆಯ ಮೈಕುಗಳಿಗೂ ಹಿಂದಿನಿಂದ ಗಾಳಿ ಹೋಗುವ ದಾರಿ ಇರುತ್ತದೆ. ಮೊಬೈಲಿನಲ್ಲಿ ಪರೀಕ್ಷೆ ಮಾಡಿದರೆ ಸಿಗುವುದಿಲ್ಲ, ಅದರ ಮೈಕಿಗೆ ಹಿಂಬದಿ ಮುಚ್ಚಿದೆ.

ಎಂಜಿನಿಯರುಗಳಿಗೆ ಇದು ಒಂದು ದೋಷ. 44ರ ಒಳಗೇ ಮಾತಿಗೊಂದು, ಸಂಗೀತಕ್ಕೊಂದು ಜೋಡಣೆ ಕೊಟ್ಟಿದ್ದರು. ಮಾತಿನ ಜೋಡಣೆಯಲ್ಲಿ ಬೇಸ್ ಕತ್ತರಿಸಿಹೋಗುತ್ತಿತ್ತು. ಆದರೆ ಮೆಲುದನಿಯ ಹಾಡುಗಾರರು ಇದರ ಬೆಲೆ ಬೇಗ ಕಂಡುಕೊಂಡರು. ಪತ್ತೇದಾರ ನಾಟಕಕ್ಕಂತೂ ಇದು ಹೇಳಿ ಮಾಡಿಸಿದ ಹಾಗಿತ್ತು. ಪತ್ತೇದಾರನಿಗೆ ಎರಡು ಬಗೆಯ ಮಾತು. ಕಥೆಯೊಳಗಿನವರ ಜೊತೆ ಒಂದು, ನಮ್ಮ ಜೊತೆ ಒಂದು. ನಾವು ಜೀವನದಲ್ಲಿ ಅಷ್ಟು ಹತ್ತಿರದಿಂದ, ಅಷ್ಟು ಮೆಲ್ಲಗೆ ಕೇಳುವುದು ತೀರಾ ಆಪ್ತರ ದನಿಯನ್ನು ಮಾತ್ರ. ನಟ ಮೈಕಿನ ಕಡೆ ಅರ್ಧ ಹೆಜ್ಜೆ ಬಂದು ದನಿ ತಗ್ಗಿಸಿದರೆ ಸಾಕು, ಕೇಳುವವನು ಅವನ ತಲೆಯೊಳಗೆ. ಅರ್ಧ ಹೆಜ್ಜೆ ಹಿಂದೆ ಸರಿದರೆ ಕೋಣೆಯ ಪ್ರತಿಧ್ವನಿ ಬೆರೆತು, ಅವನು ಮತ್ತೆ ಕಥೆಯೊಳಗೆ.

ದೃಶ್ಯದಿಂದ ಹೊರಗೆ ಹೋಗುವುದಕ್ಕೂ ಅದೇ ಪಟ್ಟಿ. ಪಕ್ಕದಿಂದ ಬಂದ ಸದ್ದು ರಿಬ್ಬನ್‌ನ ಎರಡೂ ಮುಖಕ್ಕೆ ಸಮನಾಗಿ ತಾಕುತ್ತದೆ, ಹಾಗಾಗಿ ಮೈಕಿಗೆ ಎರಡು ಪಕ್ಕದಲ್ಲಿ ಕಿವುಡು. ನಟರು ಮೈಕಿನ ಮುಂದೊಬ್ಬರು ಹಿಂದೊಬ್ಬರು ಎದುರುಬದುರು ನಿಂತು ಮಾತಾಡುತ್ತಿದ್ದರು. "ನಾನು ಬರ್ತೀನಿ" ಎನ್ನುತ್ತಾ ಒಬ್ಬ ಪಕ್ಕಕ್ಕೆ ಎರಡು ಹೆಜ್ಜೆ ಇಟ್ಟರೆ, ರೇಡಿಯೋ ಮುಂದೆ ಕೂತವರಿಗೆ ಅವನು ಓಣಿಯಲ್ಲಿ ನಡೆದುಹೋದ ಹಾಗೆ.

ಬಂದೂಕಿನ ಕಥೆ ಇನ್ನೂ ಚೆಂದ. ಪತ್ತೇದಾರ ನಾಟಕ ಅಂದಮೇಲೆ ಗುಂಡು ಹಾರಲೇಬೇಕು. ನಿಜವಾದ ಗುಂಡಿನ ಸದ್ದೇ ಅತಿ ನಿಜವಾಗಿ ಕೇಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಬರೀ ಮದ್ದಿನ ಹುಸಿಗುಂಡು ಹತ್ತಿರದಲ್ಲಿ ಸಿಡಿದರೂ ಆ ಗಾಳಿಯ ಹೊಡೆತಕ್ಕೆ ರಿಬ್ಬನ್ ಜಗ್ಗಿಹೋಗಬಹುದು. ಪ್ರಸಾರ ಯಂತ್ರಕ್ಕೂ ಅಷ್ಟು ಸದ್ದು ತಡೆಯುವ ತಾಕತ್ತಿಲ್ಲ, ಸದ್ದಿನ ತಲೆ ಕತ್ತರಿಸಿಬಿಡುತ್ತದೆ. ಮನೆಯಲ್ಲಿ ಕೇಳಿಸುವುದು ಬರೀ ಟಪ್. ಅದಕ್ಕೆ ಪಿಸ್ತೂಲನ್ನು ಮೈಕಿನಿಂದ ದೂರ ಹಿಡಿದು ಹೊಡೆಯುತ್ತಿದ್ದರು. ಇಲ್ಲವೇ ಚರ್ಮದ ದಿಂಬಿನ ಮೇಲೆ ತೆಳ್ಳಗಿನ ಕೋಲಿನಿಂದ ಪಟಾರನೆ ಬಾರಿಸುತ್ತಿದ್ದರು. ಜಾಸ್ತಿ ನಾಟಕಗಳು ನೇರ ಪ್ರಸಾರವಾಗುತ್ತಿದ್ದ ಕಾಲ ಅದು. ಪಿಸ್ತೂಲು ಕೈಕೊಟ್ಟರೆ ಕೊಲೆಯೇ ನಿಂತುಹೋದೀತಲ್ಲ! ಉಳಿದ ಸದ್ದುಗಳೂ ಹೀಗೇ: ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಪೊಟ್ಟಣ ಹಿಸುಕಿದರೆ ಹಿಮದ ಮೇಲಿನ ಹೆಜ್ಜೆ, ಸೆಲೋಫೇನ್ ಹಾಳೆ ಮುದುರಿದರೆ ಬೆಂಕಿ. 1930ರ ದಶಕದಲ್ಲಿ ಸಿಬಿಎಸ್ ರೇಡಿಯೋ ಕಂಪನಿಯಲ್ಲಿ ಈ ಸದ್ದಿನ ವಿಭಾಗವನ್ನೇ ನಡೆಸಿದವರು ಓರಾ ನಿಕೋಲ್ಸ್ ಎಂಬ ಮಹಿಳೆ.

ಮೊದಲಿನ ಆ ಫೋನಿನ ದನಿಗೆ ಬರೋಣ. ಆಗಿನ ಫೋನ್ ಸುಮಾರು 300 ಹರ್ಟ್ಜ್‌ಗಿಂತ, ಅಂದರೆ ಸೆಕೆಂಡಿಗೆ 300 ಕಂಪನಕ್ಕಿಂತ, ಕೆಳಗಿನದನ್ನು ಹೆಚ್ಚಾಗಿ ಸಾಗಿಸುತ್ತಿರಲಿಲ್ಲ. ಅದಕ್ಕೆ ಸ್ಟುಡಿಯೋದಲ್ಲೂ ಫಿಲ್ಟರ್ ಹಾಕಿ ಕೆಳಗಿನದನ್ನು ಕತ್ತರಿಸುತ್ತಿದ್ದರು. ಗಂಡಸಿನ ದನಿಯ ಮೂಲ ಕಂಪನ ಇರುವುದು 100ರಿಂದ 120ರ ಆಸುಪಾಸು. ಅಂದರೆ ಮೂಲವೇ ಇಲ್ಲ, ಆದರೂ ಅದು ಗಂಡಸಿನ ದನಿ ಎಂದು ನಮಗೆ ಒಂದು ಕ್ಷಣವೂ ಅನುಮಾನ ಬರುವುದಿಲ್ಲ. ಉಳಿದಿರುವ 300, 400, 500ರ ನಡುವಿನ ಅಂತರ ನೋಡಿ, ಇದರ ಮೂಲ 100 ಇರಬೇಕು ಎಂದು ಮಿದುಳೇ ಪತ್ತೆ ಮಾಡುತ್ತದೆ. ಕಾಣದ ಕಳ್ಳನನ್ನು ಹೆಜ್ಜೆ ಗುರುತಿನ ಅಂತರದಿಂದ ಹಿಡಿದ ಹಾಗೆ. ಸಣ್ಣ ಸ್ಪೀಕರಿನ ಅಗ್ಗದ ರೇಡಿಯೋದಲ್ಲೂ ಸ್ಪೇಡ್‌ನ ದನಿ ಗಂಡುದನಿಯಾಗೇ ಉಳಿದದ್ದು ಹೀಗೆ.

1950ರಲ್ಲಿ ಅಮೆರಿಕದಲ್ಲಿ ಕಮ್ಯುನಿಸ್ಟರ ಹುಡುಕಾಟ ಜೋರಾಗಿತ್ತು. ರೇಡಿಯೋ, ಟಿವಿ ಮಂದಿಯ 151 ಹೆಸರುಗಳ ಒಂದು ಪಟ್ಟಿ ಆ ಜೂನ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಡಫ್ ಹೆಸರೂ ಇತ್ತು. ಅದೇ ವರ್ಷ ಪ್ರಾಯೋಜಕರು ಸರಣಿಯನ್ನು ಕೈಬಿಟ್ಟರು. ನವೆಂಬರ್‌ನಲ್ಲಿ ಸರಣಿ ಮತ್ತೆ ಬಂದಾಗ ಸ್ಪೇಡ್ ಆಗಿದ್ದದ್ದು ಸ್ಟೀವ್ ಡನ್. ಎಫಿಯಾಗಿ ಲುರೀನ್ ಟಟಲ್ ಮುಂದುವರಿದಿದ್ದರು. ವರದಿ ಬರೆಸುವ ಪದ್ಧತಿಯೂ ಅದೇ. 1951ರ ಏಪ್ರಿಲ್‌ಗೆ ಎಲ್ಲ ಮುಗಿಯಿತು.

ಎರಡೂ ಅವಧಿಯ ರೆಕಾರ್ಡಿಂಗ್‌ಗಳು ಉಳಿದಿವೆ. ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ. ಸ್ಪೇಡ್ ಲೈಸೆನ್ಸ್ ನಂಬರ್ ಹೇಳಿ ಮುಗಿಸಿ ಕಥೆಯೊಳಗೆ ಕಾಲಿಡುವ ಜಾಗದಲ್ಲಿ ಗಮನ ಇಡಿ. ಅವನ ಬಾಯಿ ಮೈಕಿನಿಂದ ಸರಿದದ್ದು ನಿಮಗೆ ಗೊತ್ತಾಗುತ್ತದೆ.