ಅಸೈನ್‌ಮೆಂಟು, ರಿವ್ಯೂ, ರಿಪೋರ್ಟು ಎಲ್ಲಾ ಬರೆಯೋದೇ ತಾನೆ, ಏನ್ ವ್ಯತ್ಯಾಸ?

ಪ್ರಶ್ನೆ: ಡಿಗ್ರಿ ಓದ್ತಿದೀನಿ. ಪುಟಗಟ್ಟಲೆ ಬರೆದು ಕೊಟ್ರೂ "ಕೇಳಿದ್ದು ಇದಲ್ಲ" ಅಂತ ಗೀಚಿ ವಾಪಸ್ ಕೊಡ್ತಾರೆ. ಹಾಗಾದ್ರೆ ಕೇಳೋದೇನು?

ಉತ್ತರ: ಪುಟ ತುಂಬ್ಸೋದು ಆಮೇಲೆ, ಮೊದ್ಲು ಪ್ರಶ್ನೆಯ ಕೊನೇಲಿ ಏನ್ ಮಾಡಿ ಅಂತ ಇದೆ ನೋಡಿ. ಬೆಂಗಳೂರಿನ ಬೆಳ್ಳಂದೂರು ಕೆರೆ ಬಗ್ಗೆ ಬರೀಬೇಕು ಅಂತಿಟ್ಕೊಳ್ಳಿ. 'ವಿವರಿಸಿ' ಅಂದ್ರೆ ನೊರೆ ರೋಡಿಗೆ ಬಂದಿದ್ದು, 2015ರಲ್ಲಿ, ಮತ್ತೆ 2017ರಲ್ಲಿ ಬೆಂಕಿ ಹತ್ಕೊಂಡಿದ್ದು, ಹೀಗೆ ಆಗಿದ್ದನ್ನ ಹೇಳಿದ್ರೆ ಆಯ್ತು. 'ವಿಶ್ಲೇಷಿಸಿ' ಅಂದ್ರೆ ಯಾಕಾಯ್ತು ಅಂತ: ಶುದ್ಧ ಮಾಡದ ಚರಂಡಿ ನೀರು ಕೆರೆಗೆ ಸೇರತ್ತೆ, ಅದ್ರಲ್ಲಿ ಸೋಪು ಡಿಟರ್ಜೆಂಟು ಇರತ್ತೆ, ಕೋಡಿಯಿಂದ ನೀರು ಧುಮುಕುವಾಗ ಗಾಳಿ ಸೇರಿ ನೊರೆ ಏಳತ್ತೆ, ಇಷ್ಟನ್ನೂ ಒಂದಕ್ಕೊಂದು ಕೊಂಡಿ ಹಾಕಿ ತೋರಿಸ್ಬೇಕು.

ಜಾಸ್ತಿ ಜನ ಎಡವೋದು 'ವಿಮರ್ಶಾತ್ಮಕವಾಗಿ ಪರಿಶೀಲಿಸಿ' ಅನ್ನೋದ್ರಲ್ಲಿ. ಸರ್ಕಾರನ ಬೈದು ಬರೆದ್ರೆ ವಿಮರ್ಶೆ ಆಗಲ್ಲ ರೀ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆ ಸುತ್ತಲಿನ ಕಾರ್ಖಾನೆ ಮುಚ್ಚಿಸಿ ಅಂತು, ಆದ್ರೆ ಕೆರೆಗೆ ಬರೋ ಕೊಳಕಲ್ಲಿ ದೊಡ್ಡ ಪಾಲು ಮನೆಗಳ ನೀರು, ಹಾಗಿದ್ಮೇಲೆ ಆ ಆದೇಶದಿಂದ ಎಷ್ಟು ಉಪಯೋಗ? ಎರಡೂ ಕಡೆ ತೂಗಿ ನೀವು ಒಂದು ನಿಲುವಿಗೆ ಬರ್ಬೇಕು, ಅದಕ್ಕೆ ಆಧಾರನೂ ಕೊಡ್ಬೇಕು. ಮಾರ್ಕ್ಸ್ ಇರೋದೇ ಇಲ್ಲಿ.

ಲಿಟರೇಚರ್ ರಿವ್ಯೂ (ಒಂದು ವಿಷಯದ ಮೇಲೆ ಈಗಾಗ್ಲೇ ಬಂದಿರೋ ಸಂಶೋಧನೆಗಳನ್ನ ಒಟ್ಟಿಗೆ ನೋಡೋದು) ಅಂದ್ರೆ ಒಂದೊಂದು ಸಂಶೋಧನಾ ಪೇಪರಿಗೆ ಒಂದೊಂದು ಪ್ಯಾರಾ ಸಾರಾಂಶ ಅಂದ್ಕೊಂಡಿರ್ತಾರೆ, ಅಲ್ಲ. ಯಾರ್ಯಾರು ಒಂದೇ ಮಾತು ಹೇಳ್ತಾರೆ, ಯಾರು ಒಪ್ಪಲ್ಲ, ಯಾವ ವಿಷಯ ಯಾರೂ ಮುಟ್ಟಿಲ್ಲ ಅಂತ ಗುಂಪು ಮಾಡಿ ಬರೀಬೇಕು. ಪ್ರಾಜೆಕ್ಟ್ ರಿಪೋರ್ಟಲ್ಲಿ ನೀವೇ ಮಾಡಿದ ಕೆಲಸ ಬೇಕು: ನೀರಿನ ಸ್ಯಾಂಪಲ್ ಎಲ್ಲಿಂದ, ಯಾವಾಗ ತಗೊಂಡ್ರಿ, ಯಾವ ಟೆಸ್ಟ್, ರೀಡಿಂಗ್ ಎಷ್ಟು ಬಂತು. ಬಂದಿದ್ದನ್ನ ಬಂದ ಹಾಗೇ ರಿಸಲ್ಟ್ಸಲ್ಲಿ ಹಾಕಿ, ಅದರ ಅರ್ಥ ಏನು ಅನ್ನೋದನ್ನ ಡಿಸ್ಕಶನ್‌ಗೆ ಇಟ್ಕೊಳ್ಳಿ, ಎರಡನ್ನೂ ಕಲಸಬೇಡಿ. ಕೆರೆ ಇತಿಹಾಸ ಅರ್ಧ ರಿಪೋರ್ಟ್ ತುಂಬಿದ್ರೆ ಓದೋರಿಗೆ ಗೊತ್ತಾಗತ್ತೆ, ಸ್ಯಾಂಪಲ್ಲೇ ತಗೊಂಡಿಲ್ಲ ಅಂತ.

ಇನ್ನು ಸೀನಿಯರ್ ಫೈಲ್ ಇಸ್ಕೊಂಡು ಹೆಸರು ಬದಲಾಯಿಸೋ ಪ್ಲಾನ್ ಇದ್ರೆ ಈಗ್ಲೇ ಬಿಟ್ಬಿಡಿ. ಮುಂದೆ ಥೀಸಿಸ್ ಬರೆಯುವಾಗ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮ ಅಡ್ಡ ಬರತ್ತೆ, ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10 ದಾಟಿದ್ರೆ ತಿದ್ದಿ ಮತ್ತೆ ಸಲ್ಲಿಸಿ ಅಂತಾರೆ, ಶೇ. 60 ದಾಟಿದ್ರೆ ರಿಜಿಸ್ಟ್ರೇಶನ್ನೇ ಕ್ಯಾನ್ಸಲ್.