‘1ಎಫ್‌ಸಿಗೆ ಏನು ಬರೀಬೇಕು ಸಾರ್?’

ಇದೇ ಪ್ರಶ್ನೆ. 1ಎಫ್‌ಸಿ ಅಂದರೆ ಪ್ರೊಸೆಸರಿನೊಳಗಿನ ಒಂದು ರಿಜಿಸ್ಟರಿನ ನಂಬರು. ಪ್ರೊಸೆಸರ್ ಹೇಗೆ ನಡೆಯಬೇಕು ಅಂತ ಬರೆದಿಡುವ ಪುಟ್ಟ ಜಾಗ ಅದು. ಲ್ಯಾಪ್‌ಟಾಪ್ ನಿಧಾನವಾದರೆ ಅಲ್ಲಿ ಏನೋ ಬರೆದು ಸರಿಮಾಡಲು ನೋಡುತ್ತಾರೆ. ಒಂದು ಸಲ ಇಂಜಿನಿಯರಿಂಗ್ ಹುಡುಗರಿಂದ, ಇನ್ನೊಂದು ಸಲ ಲ್ಯಾಪ್‌ಟಾಪ್ ರಿಪೇರಿ ಮಾಡುವವರಿಂದ. ನಾನು ತಿರುಗಿ ಕೇಳುವುದೂ ಒಂದೇ. ‘ಈಗ ಅದರಲ್ಲಿ ಏನಿದೆ?’ ಆ ಕಡೆ ಸದ್ದಿಲ್ಲ. ಯಾರೂ ಓದಿ ನೋಡಿರುವುದಿಲ್ಲ. ಬರೆಯುವುದಕ್ಕೆ ಮಾತ್ರ ಎಲ್ಲರಿಗೂ ಅವಸರ.

ನಾನು ಹಾಸನದಲ್ಲಿ ಮನೆಯಿಂದಲೇ ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ತಿರುಳು, ಅಂದರೆ ಕರ್ನಲ್ ಕೆಲಸ ಮಾಡುವವನು. ಪ್ರೊಸೆಸರಿನೊಳಗಿನ ಎಂಎಸ್‌ಆರ್‌ಗಳು, ಅಂದರೆ ಮಾಡೆಲ್ ಸ್ಪೆಸಿಫಿಕ್ ರಿಜಿಸ್ಟರುಗಳು, ನನಗೆ ದಿನನಿತ್ಯದ ಅಡುಗೆ ಸಾಮಾನು. ಅವುಗಳನ್ನು ಮುಟ್ಟಬೇಡಿ ಅಂತ ಹೆದರಿಸಲು ಈ ಅಂಕಣ ಬರೆಯುತ್ತಿಲ್ಲ. ಒಂದೇ ಒಂದು ವಿಷಯ ಹೇಳಬೇಕು. ಅದನ್ನೇ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಪ್ಲಾಂಟರ್ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಮೂರನೇ ವರ್ಷದ ಇಂಜಿನಿಯರಿಂಗ್. ಅವನ ಲ್ಯಾಪ್‌ಟಾಪ್ 800 ಮೆಗಾಹರ್ಟ್ಸ್ ಬಿಟ್ಟು ಮೇಲೇಳುತ್ತಿರಲಿಲ್ಲ. ಎಲ್ಲೋ ಓದಿದ ಪ್ರಕಾರ 1ಎಫ್‌ಸಿ ಎಂಬ ರಿಜಿಸ್ಟರಿಗೆ 4005ಸಿ ಅಂತ ಬರೆದಿದ್ದ. ಮೆಷಿನ್ ಓಡತೊಡಗಿತು. ಆದರೆ ಮುಚ್ಚಿ ತೆಗೆದರೆ ಮತ್ತೆ ಆಮೆ. ಅದೂ ಅಲ್ಲದೆ ಬ್ಯಾಟರಿ ಮೊದಲಿಗಿಂತ ಜಾಸ್ತಿ ಇಳಿಯುತ್ತಿದೆ ಅಂತ ಅನುಮಾನ.

ಮುಚ್ಚಿ ತೆಗೆದಾಗ ಹಳೇದಕ್ಕೆ ಹೋಗುವುದು ಸಹಜ. ಪ್ರೊಸೆಸರ್ ನಿದ್ದೆಗೆ ಹೋಗಿ ಎದ್ದಾಗ ಕರ್ನಲ್ ತನಗೆ ಗೊತ್ತಿರುವ ರಿಜಿಸ್ಟರುಗಳನ್ನು ಮಾತ್ರ ಸರಿಮಾಡುತ್ತದೆ. ನೀವು ಸೇರಿಸಿದ್ದು ಅದಕ್ಕೆ ಗೊತ್ತಿಲ್ಲ. ಅದು ಬಿಡಿ.

ರೀಸ್ಟಾರ್ಟ್ ಮಾಡಿ, ಏನೂ ಬರೆಯದೆ, 1ಎಫ್‌ಸಿಯನ್ನು ಓದಿಸಿದೆ. 2ಸಿ005ಡಿ ಬಂತು. ಅಪ್ಪನ ಜೇಬಿನಲ್ಲಿದ್ದ ಮೆಣಸಿನ ಬಿಲ್ಲಿನ ಹಿಂದೆ ಎರಡನ್ನೂ ಒಂದರ ಕೆಳಗೊಂದು ಬರೆಸಿದೆ. ಮೇಲೆ 2ಸಿ005ಡಿ, ಕೆಳಗೆ 4005ಸಿ. ಹೆಕ್ಸ್, ಅಂದರೆ ಹದಿನಾರರ ಲೆಕ್ಕದ ನಂಬರು ಇವು. ಒಂದೊಂದು ಅಂಕಿಗೂ ನಾಲ್ಕು ಬಿಟ್, ಅಂದರೆ ನಾಲ್ಕು 0 ಅಥವಾ 1. ಎಣಿಕೆ ಬಲತುದಿಯಿಂದ, ಸೊನ್ನೆಯಿಂದ ಶುರು. ‘ಎಷ್ಟು ಬಿಟ್ ಬದಲಾಗಿದೆ, ಎಣಿಸು.’

‘ಒಂದು ಸಾರ್. ಕೊನೇ ಡಿ ಹೋಗಿ ಸಿ ಆಗಿದೆ. ಸೊನ್ನೆಯನೇ ಬಿಟ್.’

‘ಮುಂದಿನದು ನೋಡು ಮಾರಾಯ.’

2ಸಿ ಅಂದರೆ 0010 1100. 4 ಅಂದರೆ 0000 0100. ಅಲ್ಲಿಗೆ 19ನೇ ಬಿಟ್, 21ನೇ ಬಿಟ್ ಎರಡೂ ಆರಿಹೋಗಿವೆ. ಹುಡುಗ ಆರಿಸಬೇಕು ಅಂದುಕೊಂಡದ್ದು ಒಂದು ದೀಪ. ಆರಿಸಿದ್ದು ಮೂರು. ಬ್ಯಾಟರಿ ಇಳಿದದ್ದು ಅದರಿಂದಲೇ ಅಂತ ನಾನು ಆಣೆ ಇಟ್ಟು ಹೇಳಲಾರೆ. ಆದರೆ ಏನು ಆರಿಸಿದೆ ಅಂತ ಅವನಿಗೂ ಗೊತ್ತಿರಲಿಲ್ಲವಲ್ಲ, ನನ್ನ ತಕರಾರು ಅಷ್ಟೇ.

ನಾನು ಹೇಳಬೇಕಾದದ್ದು ಇದೇ. ಎಂಎಸ್‌ಆರ್‌ಗೆ ಒಂದು ಬಿಟ್ ಬರೆಯುವುದು ಅಂತ ಇಲ್ಲ. ಬರೆದರೆ 64 ಬಿಟ್ಟೂ ಒಟ್ಟಿಗೆ. ನೀವು ಸುಮ್ನೆ ಬಿಟ್ಟೆ ಅಂದುಕೊಂಡ 63ನ್ನೂ ನೀವೇ ಬರೆದಿರುತ್ತೀರಿ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಪಕ್ಕದ ತೋಟದವರು ಯಾವ ವಾಲ್ವ್ ತೆಗೆದಿದ್ದಾರೆ, ಯಾವುದು ಮುಚ್ಚಿದ್ದಾರೆ ಅಂತ ಪಟ್ಟಿ ಮಾಡಿಕೊಂಡು ಬಂದು ನಮ್ಮ ಲೈನಿನ ವಾಲ್ವನ್ನೆಲ್ಲ ಹಾಗೇ ತಿರುಗಿಸುತ್ತೇವಾ? ನಮ್ಮ ಲೈನೇ ಬೇರೆ. ಹೆಸರಲ್ಲೇ ಇದೆಯಲ್ಲ, ಮಾಡೆಲ್ ಸ್ಪೆಸಿಫಿಕ್ ಅಂತ. ಒಂದೇ ರಿಜಿಸ್ಟರ್ ನಂಬರು, ಪ್ರೊಸೆಸರ್ ತಲೆಮಾರು ಬದಲಾದರೆ ಕೆಲವು ಬಿಟ್ಟಿನ ಅರ್ಥವೂ ಬದಲಾಗುತ್ತದೆ. ಅದಕ್ಕೇ ಮೊದಲು ಓದಬೇಕು, ಬೇಕಾದ ಬಿಟ್ ಮಾತ್ರ ಬದಲಿಸಬೇಕು, ಆಮೇಲೆ ಪೂರ್ತಿ ವಾಪಸ್ ಬರೆಯಬೇಕು.

‘ತಪ್ಪು ಬರೆದರೆ ಎರರ್ ಬರುತ್ತೆ ಅಲ್ವಾ ಸಾರ್?’ ಅಂತಾರೆ. ಇಲ್ಲದ ರಿಜಿಸ್ಟರಿಗೆ ಬರೆದರೆ ಬರುತ್ತದೆ. ರಿಸರ್ವ್ ಮಾಡಿಟ್ಟ ಬಿಟ್ಟಿಗೆ 1 ಬರೆದರೂ ಪ್ರೊಸೆಸರ್ ಜನರಲ್ ಪ್ರೊಟೆಕ್ಷನ್ ಫಾಲ್ಟ್ ಎತ್ತುತ್ತದೆ. ಇರಬೇಕಾದ ಬಿಟ್ಟನ್ನು 0 ಮಾಡಿದರೆ? ಸಾಮಾನ್ಯವಾಗಿ ಒಂದು ಮಾತೂ ಇಲ್ಲ. ಹುಡುಗನ ಮೆಷಿನ್ನಿನಲ್ಲಿ ಆದದ್ದು ಈ ಕೊನೆಯದು.

ಹಾಗಾದರೆ 800ರಲ್ಲಿ ಸಿಕ್ಕಿಕೊಂಡದ್ದು ಯಾಕೆ? ಬಿಸಿಯ ಸ್ಥಿತಿ ಹೇಳುವ 19ಸಿ ರಿಜಿಸ್ಟರನ್ನು ಓದಿಸಿದೆ. 883ಸಿ000ಸಿ. ಇದನ್ನು ನೋಡಿ ಬೆಚ್ಚಬೇಕಾಗಿಲ್ಲ. ನಡುವಿನ 3ಸಿ ಅಂದರೆ 60. ಇದು ಉಷ್ಣಾಂಶ ಅಲ್ಲ. ಗರಿಷ್ಠ ಮಿತಿಗಿಂತ ಎಷ್ಟು ಡಿಗ್ರಿ ಕೆಳಗಿದೆ ಅನ್ನುವ ಲೆಕ್ಕ. ಬಿಸಿಯಾದಷ್ಟೂ ಈ ನಂಬರು ಇಳಿಯುತ್ತದೆ. ಉಲ್ಟಾ ಓದಿಕೊಂಡು ಫ್ಯಾನ್ ಬದಲಿಸಿದವರನ್ನು ನಾನು ಕಂಡಿದ್ದೇನೆ. ಮಿತಿ ಎಷ್ಟು ಅಂತ 1ಎ2 ಹೇಳುತ್ತದೆ. ಇವನದರಲ್ಲಿ 100 ಇತ್ತು. ಅಂದರೆ ಕೋರ್, ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಭಾಗ, ಇದ್ದದ್ದು ಬರೀ 40 ಡಿಗ್ರಿಯಲ್ಲಿ. ತಣ್ಣಗೆ ಕೂತಿದೆ.

ಕೊನೆಯ ಸಿ ನೋಡಿ. 1100. ಸೊನ್ನೆ, ಒಂದನೇ ಬಿಟ್ ಖಾಲಿ. ತನ್ನ ಬಿಸಿಯಿಂದ ನಿಧಾನ ಆಗಿಲ್ಲ. ಎರಡನೇ ಬಿಟ್ ಹತ್ತಿದೆ. ಪ್ರೊಕ್‌ಹಾಟ್ ಅನ್ನುವ ತಂತಿಯನ್ನು ಯಾರೋ ಎಳೆದು ‘ನಿಧಾನ, ನಿಧಾನ’ ಅನ್ನುತ್ತಿದ್ದಾರೆ. ಈ ತಂತಿ ಎರಡೂ ಕಡೆಗೆ ಕೆಲಸ ಮಾಡುತ್ತದೆ. ಪ್ರೊಸೆಸರ್ ಹೊರಗಿನವರಿಗೆ ಹೇಳಬಹುದು, ಬೋರ್ಡಿನ ಬೇರೆ ಭಾಗಗಳು ಪ್ರೊಸೆಸರಿಗೂ ಹೇಳಬಹುದು. 1ಎಫ್‌ಸಿಯ ಸೊನ್ನೆಯನೇ ಬಿಟ್ ಆರಿಸಿದರೆ ಹೊರಗಿನವರ ಮಾತು ಕಿವಿಗೆ ಬೀಳುವುದಿಲ್ಲ. ಪ್ರೊಸೆಸರಿನ ಸ್ವಂತ ರಕ್ಷಣೆ ಉಳಿದಿರುತ್ತದೆ, ನಿಜ. ಆದರೆ ಕೂಗುತ್ತಿದ್ದವರ ಗತಿ?

‘ಚಾರ್ಜರ್ ಯಾವುದು?’ ಅಂದೆ. ಅಪ್ಪ ನಕ್ಕರು. ಒರಿಜಿನಲ್ ವೈರನ್ನು ತೋಟದ ಮನೆಯಲ್ಲಿ ಇಲಿ ಕಡಿದಿತ್ತಂತೆ. ಕಡಿಮೆ ರೇಟಿಗೆ ಸಿಕ್ಕಿದ್ದು ತಂದಿದ್ದರು. ಚಾರ್ಜರ್ ಎಷ್ಟು ವ್ಯಾಟಿನದು ಅಂತ ಗುರುತು ಸಿಗದಿದ್ದರೆ ಕೆಲವು ಲ್ಯಾಪ್‌ಟಾಪುಗಳು ಹೀಗೇ ಪ್ರೊಸೆಸರನ್ನು ಕಟ್ಟಿಹಾಕುತ್ತವೆ. ನನ್ನದೂ ಅದೇ ಕಂಪನಿಯ ಲ್ಯಾಪ್‌ಟಾಪ್. ನನ್ನ ಚಾರ್ಜರ್ ಚುಚ್ಚಿ ಮತ್ತೆ ಓದಿಸಿದೆ. 88350008. ಎರಡನೇ ಬಿಟ್ ಆರಿತ್ತು. ಮೂರನೆಯದು ಹಿಂದೆ ಆದದ್ದರ ಗುರುತು, ನಾವೇ ಅಳಿಸುವ ತನಕ ಹಾಗೇ ಇರುತ್ತದೆ. ಮೆಷಿನ್ ಓಡುತ್ತಿತ್ತು, ಕೋರ್ 47 ಡಿಗ್ರಿಗೆ ಏರಿತ್ತು.

ಎಲ್ಲ ಕೇಸೂ ಚಾರ್ಜರಿನದೇ ಅಂತ ತಿಳಿಯಬೇಡಿ. ಬ್ಯಾಟರಿ, ಬೋರ್ಡಿನ ಪವರ್ ಭಾಗ, ಕೆಟ್ಟ ಸೆನ್ಸರ್ ಏನೂ ಇರಬಹುದು. ಸೆನ್ಸರೇ ಸತ್ತಿದ್ದರೆ ನಾನೂ ಆ ಬಿಟ್ ಆರಿಸಿದ್ದುಂಟು, ಕಾಗದದಲ್ಲಿ ಬರೆದಿಟ್ಟುಕೊಂಡು.

ಕರ್ನಲ್ ಮಾಡ್ಯೂಲ್, ಅಂದರೆ ಕರ್ನಲ್‌ಗೆ ಸೇರಿಸುವ ತುಣುಕು ಬರೆಯುವ ಪ್ರಾಜೆಕ್ಟ್ ಹುಡುಗರದೂ ಇದೇ ರೋಗ, ವೇಷ ಬೇರೆ. ಎಂಎಸ್‌ಆರ್‌ಗೆ ಬರೆಯುವ ಆಜ್ಞೆ ಪ್ರೊಸೆಸರಿನ ಮೂರು ಗೂಡುಗಳಿಂದ ನಂಬರು ಎತ್ತಿಕೊಳ್ಳುತ್ತದೆ. ರಿಜಿಸ್ಟರ್ ನಂಬರು ಇಸಿಎಕ್ಸ್‌ನಲ್ಲಿ, ಕೆಳಗಿನ 32 ಬಿಟ್ ಇಎಎಕ್ಸ್‌ನಲ್ಲಿ, ಮೇಲಿನ 32 ಇಡಿಎಕ್ಸ್‌ನಲ್ಲಿ. ಇಎಎಕ್ಸ್ ತುಂಬಿಸುತ್ತಾರೆ, ಇಡಿಎಕ್ಸ್ ಮರೆಯುತ್ತಾರೆ. ಅಲ್ಲಿ ಏನು ಕಸ ಇತ್ತೋ ಅದೇ ಮೇಲಿನ ಅರ್ಧಕ್ಕೆ ಹೋಗಿ ಕೂರುತ್ತದೆ. ಅಸೆಂಬ್ಲಿಯಲ್ಲಿ ಸ್ವಂತ ಸಾಹಸ ಮಾಡುವ ಬದಲು ಕರ್ನಲ್‌ನಲ್ಲಿರುವ ಫಂಕ್ಷನ್‌ಗಳನ್ನೇ ಬಳಸಿ ಅಂದರೆ ಮುಖ ಸಣ್ಣದಾಗುತ್ತದೆ.

ಓದಿ, ಬದಲಿಸಿ, ಬರೆಯುವವರಿಗೂ ಇನ್ನೊಂದು ಗುಂಡಿ ಇದೆ. ಓದಿದ್ದು 2ನೇ ಕೋರಿನಲ್ಲಿ. ಅಷ್ಟರಲ್ಲಿ ಕೋರುಗಳಿಗೆ ಕೆಲಸ ಹಂಚುವ ಶೆಡ್ಯೂಲರ್ ನಿಮ್ಮನ್ನು ಎತ್ತಿ 5ನೇ ಕೋರಿಗೆ ಹಾಕಿತು. ಬರೆದದ್ದು ಅಲ್ಲಿ. ಯಾವ ಕೋರಿನಲ್ಲಿ ಆಗಬೇಕೋ ಅಲ್ಲೇ ಮಾಡಿಸುವ ಫಂಕ್ಷನ್‌ಗಳು ಕರ್ನಲ್‌ನಲ್ಲಿ ಇರುವುದು ಇದಕ್ಕೇ. ಟರ್ಮಿನಲ್ಲಿನಲ್ಲಿ ಬಳಸುವ ಟೂಲಿನಲ್ಲೂ ಹಾಗೇ. ಕೋರ್ ಹೇಳದಿದ್ದರೆ ಅದು ಬರೀ ಸೊನ್ನೆಯನೇ ಕೋರಿಗೆ ಬರೆಯುತ್ತದೆ. ಎಲ್ಲಕ್ಕೂ ಬರೆಯುವ ಆಪ್ಷನ್ ಕೊಟ್ಟರೆ ಒಂದೇ ನಂಬರು ಎಲ್ಲ ಕೋರಿಗೂ ಹೋಗುತ್ತದೆ, ಕೋರ್ ಕೋರಿಗೆ ಬೇರೆ ಬೇರೆ ಇರಬೇಕಾದದ್ದಿದ್ದರೂ.

ಹೊಸ ಕರ್ನಲ್‌ಗಳು ಗೊಣಗುತ್ತವೆ ಅಂತಲೂ ದೂರು ಬರುತ್ತದೆ. 2020ರ ಲಿನಕ್ಸ್ 5.9ರಿಂದ ಹೀಗೆ ಹೊರಗಿನಿಂದ ಬರೆದರೆ ಲಾಗಿನಲ್ಲಿ ಎಚ್ಚರಿಕೆ ಬೀಳುತ್ತದೆ, ಕರ್ನಲ್‌ಗೆ ಟೇಂಟ್, ಅಂದರೆ ಕಳಂಕದ ಗುರುತೂ ಬೀಳುತ್ತದೆ. ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರಿನಿಂದ ಮಾತ್ರ ಮೆಷಿನ್ ಶುರುವಾಗುವ ವ್ಯವಸ್ಥೆ) ಆನ್ ಇದ್ದು ಕರ್ನಲ್ ಲಾಕ್‌ಡೌನ್ ಆಗಿದ್ದರೆ ಬರೆಯಲು ಬಿಡುವುದೇ ಇಲ್ಲ. ಬಿಗಿ ಮಾಡಿದ್ದು ಸುಮ್ನೆ ಅಲ್ಲ. 150 ಎಂಬ ರಿಜಿಸ್ಟರಿನಿಂದ ವೋಲ್ಟೇಜ್ ಇಳಿಸಿ ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಗುಟ್ಟಿನ ಡೇಟಾ ಪೆಟ್ಟಿಗೆಯ ಭದ್ರತೆಯನ್ನೇ ಮುರಿಯಬಹುದು ಅಂತ 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ದಾಳಿಯ ಸಂಶೋಧಕರು ತೋರಿಸಿದ್ದರು.

ಮೂಡಿಗೆರೆಯ ಹುಡುಗನಿಗೆ ಸ್ವಲ್ಪ ನಿರಾಸೆ ಆಯಿತು ಅಂತ ಕಾಣುತ್ತದೆ. ರಿಜಿಸ್ಟರಿಗೆ ಹೊಸ ನಂಬರು ಸಿಗುತ್ತದೆ ಅಂದುಕೊಂಡು ಬಂದವನು.

‘ಅಂದ್ರೆ ಒಳ್ಳೇ ಚಾರ್ಜರ್ ತಗೊಂಡ್ರೆ ಸಾಕಲ್ವಾ ಸಾರ್?’ ಅಂದರು ಅಪ್ಪ.

‘ಸಾಕು’ ಅಂದೆ.

ಎರಡು ದಿನದಲ್ಲಿ ಕಳಿಸ್ತೀನಿ ಅಂತ ನನ್ನ ಚಾರ್ಜರ್ ತಗೊಂಡು ಹೋದರು. ಅದು ಇನ್ನೂ ಮೂಡಿಗೆರೆಯಲ್ಲೇ ಇದೆ.