ರೋಧ ಹೆಚ್ಚಿದರೆ ಸಾಮರ್ಥ್ಯ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?

ಪ್ರಶ್ನೆ: ವೋಲ್ಟೇಜ್ ಮತ್ತು ವಿದ್ಯುತ್ ಪ್ರವಾಹ ತಿಳಿದಿದ್ದರೆ ರೋಧವನ್ನೂ (ರೆಸಿಸ್ಟೆನ್ಸ್, ಪ್ರವಾಹಕ್ಕೆ ಒಡ್ಡುವ ಅಡ್ಡಿ) ಸಾಮರ್ಥ್ಯವನ್ನೂ (ಪವರ್, ಸೆಕೆಂಡಿಗೆ ಬಳಕೆಯಾಗುವ ಶಕ್ತಿ) ಲೆಕ್ಕ ಹಾಕಲು ಬರುತ್ತದೆ. ಆದರೆ ಸಾಮರ್ಥ್ಯದ ಒಂದು ಸೂತ್ರದಲ್ಲಿ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸುತ್ತೇವೆ, ಇನ್ನೊಂದರಲ್ಲಿ ವೋಲ್ಟೇಜಿನ ವರ್ಗವನ್ನು ಅದೇ ರೋಧದಿಂದ ಭಾಗಿಸುತ್ತೇವೆ. ಇವೆರಡರಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿ. ಇವು ಒಂದೇ ಮೂಲ ಸೂತ್ರದಿಂದ ಬಂದವು. ಒಂದು ವೋಲ್ಟ್ ಎಂದರೆ ಪ್ರತಿ ಕೂಲಮ್ ಆವೇಶಕ್ಕೆ ಒಂದು ಜೂಲ್ ಶಕ್ತಿ. ಒಂದು ಆಂಪಿಯರ್ ಎಂದರೆ ಪ್ರತಿ ಸೆಕೆಂಡಿಗೆ ಒಂದು ಕೂಲಮ್ ಆವೇಶ. ಇವೆರಡನ್ನು ಗುಣಿಸಿದಾಗ ಸೆಕೆಂಡಿಗೆ ಇಷ್ಟು ಜೂಲ್, ಅಂದರೆ ಇಷ್ಟು ವ್ಯಾಟ್ ಎಂಬ ಉತ್ತರ ದೊರೆಯುತ್ತದೆ. ಆದ್ದರಿಂದ

ಸಾಮರ್ಥ್ಯ = ವೋಲ್ಟೇಜ್ × ಪ್ರವಾಹ
ರೋಧ = ವೋಲ್ಟೇಜ್ ÷ ಪ್ರವಾಹ

ಎರಡನೆಯದರ ನೆರವಿನಿಂದ ಮೊದಲನೆಯದರಲ್ಲಿ ವೋಲ್ಟೇಜನ್ನು ತೆಗೆದುಹಾಕಿದರೆ ಪ್ರವಾಹದ ವರ್ಗವುಳ್ಳ ಸೂತ್ರವೂ, ಪ್ರವಾಹವನ್ನು ತೆಗೆದುಹಾಕಿದರೆ ವೋಲ್ಟೇಜಿನ ವರ್ಗವುಳ್ಳ ಸೂತ್ರವೂ ಸಿಗುತ್ತವೆ. 12 ವೋಲ್ಟ್ ಮೂಲಕ್ಕೆ ಜೋಡಿಸಿದ ರೋಧಕದಲ್ಲಿ 2 ಆಂಪಿಯರ್ ಹರಿಯುತ್ತಿದ್ದರೆ ಅದರ ರೋಧ 6 ಓಮ್, ಸಾಮರ್ಥ್ಯ 24 ವ್ಯಾಟ್; ಯಾವ ಸೂತ್ರ ಬಳಸಿದರೂ ಉತ್ತರ ಅದೇ.

ಗೊಂದಲ ಹುಟ್ಟುವುದು ರೋಧವನ್ನು ಬದಲಿಸಿದಾಗ. ಆ 6 ಓಮ್ ತೆಗೆದು 12 ಓಮ್ ರೋಧಕವನ್ನು ಇಟ್ಟೆವು ಎನ್ನಿ. ಮೂಲವು 12 ವೋಲ್ಟನ್ನೇ ಕಾಯ್ದುಕೊಂಡರೆ ಪ್ರವಾಹ 1 ಆಂಪಿಯರ್‌ಗೆ ಇಳಿದು ಸಾಮರ್ಥ್ಯವು 12 ವ್ಯಾಟ್‌ಗೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು ಮೂಲವು 2 ಆಂಪಿಯರ್ ಪ್ರವಾಹವನ್ನೇ ಕಾಯ್ದುಕೊಳ್ಳುವಂಥದ್ದಾದರೆ ವೋಲ್ಟೇಜ್ 24ಕ್ಕೆ ಏರಿ ಸಾಮರ್ಥ್ಯವು 48 ವ್ಯಾಟ್, ಅಂದರೆ ಇಮ್ಮಡಿ ಆಗುತ್ತದೆ. ಆದ್ದರಿಂದ ರೋಧ ಹೆಚ್ಚಿದರೆ ಏನಾಗುತ್ತದೆ ಎಂದಷ್ಟೇ ಕೇಳಿದರೆ ಆ ಪ್ರಶ್ನೆ ಅಪೂರ್ಣ. ಯಾವುದು ಸ್ಥಿರವಾಗಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಪಠ್ಯಗಳು ಸೂತ್ರವನ್ನು ಕೊಟ್ಟು ಈ ಷರತ್ತನ್ನು ಓದುಗರ ಊಹೆಗೆ ಬಿಡುವುದೇ ತೊಡಕಿನ ಮೂಲವೆಂದು ನನ್ನ ಅನಿಸಿಕೆ.

ಸಾಮಾನ್ಯ ವಿದ್ಯುತ್ ಪೂರೈಕೆಯಲ್ಲಿ ಸಮಾಂತರವಾಗಿ ಜೋಡಿಸಿದ ಉಪಕರಣಗಳೆಲ್ಲಕ್ಕೂ ಒಂದೇ ವೋಲ್ಟೇಜ್ ಸಿಗುತ್ತದೆ. 230 ವೋಲ್ಟಿನಲ್ಲಿ 100 ವ್ಯಾಟ್ ತಂತು ಬಲ್ಬಿನ ರೋಧ 529 ಓಮ್, 40 ವ್ಯಾಟ್ ಬಲ್ಬಿನದು ಸುಮಾರು 1,322 ಓಮ್. ರೋಧ ಕಡಿಮೆ ಇರುವುದೇ ಹೆಚ್ಚು ಬೆಳಗುತ್ತದೆ. ಇದೇ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ ಅದೇ 230 ವೋಲ್ಟ್ ಕೊಟ್ಟರೆ ಫಲಿತಾಂಶ ತಲೆಕೆಳಗಾಗುತ್ತದೆ. ಈಗ ಎರಡರಲ್ಲೂ ಹರಿಯುವ ಪ್ರವಾಹ ಒಂದೇ, ಸುಮಾರು 0.124 ಆಂಪಿಯರ್, 100 ವ್ಯಾಟ್ ಬಲ್ಬಿಗೆ ಸಿಗುವುದು ಸುಮಾರು 8 ವ್ಯಾಟ್, 40 ವ್ಯಾಟ್ ಬಲ್ಬಿಗೆ ಸುಮಾರು 20. ತಂತುವಿನ ರೋಧ ಬದಲಾಗುವುದಿಲ್ಲ ಎಂದು ಭಾವಿಸಿ ಮಾಡಿದ ಈ ಲೆಕ್ಕ ಅಂದಾಜಿನದೇ, ಆದರೆ 40 ವ್ಯಾಟ್ ಬಲ್ಬೇ ಹೆಚ್ಚು ಪ್ರಕಾಶಿಸುವುದು ನಿಜ.

ವಾಸ್ತವದಲ್ಲಿ ತಂತುವಿನ ರೋಧ ಬಹಳವೇ ಬದಲಾಗುತ್ತದೆ. ಆರಿರುವ 100 ವ್ಯಾಟ್ ಬಲ್ಬನ್ನು ಮಲ್ಟಿಮೀಟರಿನಿಂದ ಅಳೆದವರು 529 ಓಮ್ ಬದಲು ಅದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ರೋಧವನ್ನು ಕಂಡು ಮೀಟರನ್ನು ದೂರುವುದುಂಟು. ಟಂಗ್‌ಸ್ಟನ್ ಬಿಸಿಯಾದಂತೆ ಅದರ ರೋಧ ಏರುತ್ತದೆ, ಬೆಳಗುವ ತಂತುವಿನ ಉಷ್ಣತೆಯೋ 2,000 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಬೆಳಗುವಾಗಿನ ರೋಧ ಬೇಕಿದ್ದರೆ ಬೆಳಗುವಾಗಿನ ವೋಲ್ಟೇಜ್ ಮತ್ತು ಪ್ರವಾಹಗಳಿಂದಲೇ ಲೆಕ್ಕ ಹಾಕಬೇಕು. ಪ್ರವಾಹವು ವೋಲ್ಟೇಜಿನ ಅನುಪಾತದಲ್ಲಿರುತ್ತದೆ ಎಂದು 1827ರಲ್ಲಿ ಗೇಯಾರ್ಗ್ ಓಮ್ ಪ್ರಕಟಿಸಿದ ನಿಯಮವೂ ಉಷ್ಣತೆ ಬದಲಾಗದ ವಾಹಕಕ್ಕೆ ಅನ್ವಯಿಸುವಂಥದ್ದು.

ಇನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪೆಂದರೆ ಯಾವ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಎಂಬುದನ್ನು ಗಮನಿಸದಿರುವುದು. 1 ಓಮ್ ರೋಧವುಳ್ಳ ತಂತಿಗಳ ಮೂಲಕ 10,000 ವ್ಯಾಟ್ ಕಳುಹಿಸಬೇಕಾಗಿದೆ ಎಂದುಕೊಳ್ಳೋಣ. 250 ವೋಲ್ಟಿನಲ್ಲಿ ಕಳುಹಿಸಿದರೆ 40 ಆಂಪಿಯರ್ ಹರಿದು ತಂತಿಯಲ್ಲಿ 1,600 ವ್ಯಾಟ್ ಶಾಖವಾಗಿ ಪೋಲಾಗುತ್ತದೆ. 2,500 ವೋಲ್ಟಿನಲ್ಲಿ 4 ಆಂಪಿಯರ್ ಸಾಕು, ಪೋಲಾಗುವುದು 16 ವ್ಯಾಟ್ ಮಾತ್ರ. ದೂರದ ಸಾಗಣೆಗೆ ಅಧಿಕ ವೋಲ್ಟೇಜ್ ಬಳಸುವುದಕ್ಕೆ ಇದೇ ಕಾರಣ. ಇಲ್ಲಿ ಯಾರಾದರೂ 250ರ ವರ್ಗವನ್ನು 1ರಿಂದ ಭಾಗಿಸಿದರೆ 62,500 ವ್ಯಾಟ್ ನಷ್ಟವೆಂಬ, ಕಳುಹಿಸಿದ್ದಕ್ಕಿಂತಲೂ ದೊಡ್ಡದಾದ ಅಸಂಗತ ಉತ್ತರ ಬರುತ್ತದೆ. ಸೂತ್ರದಲ್ಲಿ ಹಾಕಬೇಕಾದದ್ದು ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕುಸಿಯುವ 40 ವೋಲ್ಟ್. ಅದರ ವರ್ಗ ಸರಿಯಾಗಿ 1,600.

ಪರ್ಯಾಯ ಪ್ರವಾಹದಲ್ಲಿ (ಎಸಿ) ಓಡುವ ಮೋಟಾರುಗಳಿಗೆ ಈ ಲೆಕ್ಕವನ್ನು ನೇರವಾಗಿ ಹಚ್ಚಲಾಗದು. ಅಲ್ಲಿ ವೋಲ್ಟೇಜ್ ಮತ್ತು ಪ್ರವಾಹ ಒಟ್ಟೊಟ್ಟಿಗೆ ಏರಿಳಿಯದ ಕಾರಣ ಅವುಗಳ ಗುಣಲಬ್ಧವನ್ನು ವೋಲ್ಟ್-ಆಂಪಿಯರ್ ಎಂದು ಹೇಳಿ, ಅದನ್ನು ಪವರ್ ಫ್ಯಾಕ್ಟರಿನಿಂದ (ಅವೆರಡು ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದನ್ನು ತಿಳಿಸುವ ಸಂಖ್ಯೆಯಿಂದ) ಗುಣಿಸಿದ ಮೇಲಷ್ಟೇ ವ್ಯಾಟ್ ಎನ್ನುತ್ತಾರೆ.